ಎಲೆ ಮುಟ್ಟದ ಕಾಗೆ

ಜನವರಿ ೧೧, ಭಾನುವಾರ

ಬೇರೆಯವರ ದಿನಚರಿ ಪುಸ್ತಕ ಬಿಡಿಸಿ ಓದುವವರೇ, ನಿಮಗೆ ಮನೆಯಲ್ಲಿ ಕೆಲಸವಿಲ್ಲವೇ? ಮುಚ್ಚಿಡಿ.

ಇವತ್ತು ತೀರಿಹೋದ ನಮ್ಮ ಮನೆಯವರ ಮಾಸಿಕ ಶ್ರಾದ್ಧ. ಎಲೆಯಲ್ಲಿ ಅನ್ನವಿಟ್ಟು ಕಾಗೆಯನ್ನು ಕರೆದ ಮೇಲೆ ನಾವು ಮರೆಗೆ ಹೋಗಬೇಕು, ನೋಡಬಾರದು. ಮೊಮ್ಮಗಳು ಯಾಮಿನಿ ಕೇಳಬೇಕಲ್ಲ! ಹಿತ್ತಲಿನ ಹಕ್ಕಿಗಳ ಫೋಟೋ ತೆಗೆಯಲು ತಂದ ದೊಡ್ಡ ದುರ್ಬೀನಿಗೆ ಕ್ಯಾಮೆರಾ ಸಿಕ್ಕಿಸಿ, ಜಗಲಿಯಿಂದಲೇ ಎಲೆಗೆ ಗುರಿಯಿಟ್ಟಳು.

"ಕಾಂಬುಕಾಗ ಹೆಣೆ, ಅಜ್ಜ ಉಂಬುಕೆ ಬಪ್ಪು ಹೊತ್ತ್" ಎಂದೆ.

"ಇಷ್ಟ್ ದೂರದಿಂದ ಕಂಡ್ರೆ ಎಂತ ಆತ್ತ್ ಅಜ್ಜಿ? ಅಜ್ಜಂಗೆ ಗೊತ್ತೇ ಆತಿಲ್ಲ."

ಹೋದ ತಿಂಗಳು ಕರೆದ ಕೂಡಲೇ ಮುಟ್ಟಿದ ಕಾಗೆ ಇವತ್ತು ಎಲೆಯ ಪಕ್ಕ ಸುಮ್ಮನೆ ಕುಳಿತಿತ್ತು. ಒಂದು ಅಗುಳೂ ಮುಟ್ಟದೆ ಹಾರಿಹೋಯಿತು.

ಸಂಜೆ ಅವಳು ಫೋಟೋ ತೋರಿಸಿದಳು. ಕಾಗೆ ನಮ್ಮ ಕಡೆಗೇ ಮುಖ ಮಾಡಿದೆ, ಗರಿ ಗರಿಯೂ ಕಾಣುವಷ್ಟು ಹತ್ತಿರ. ಎಲ್ಲ ಫೋಟೋದಲ್ಲೂ ಎಡಗಣ್ಣು ಅರ್ಧ ಮುಚ್ಚಿದೆ. ಲಕ್ವ ಹೊಡೆದ ಮೇಲೆ ಇವರ ಎಡಗಣ್ಣು ಹೀಗೆಯೇ ಇತ್ತು.

"ಅದ್ ಕಣ್ಣಿನ್ ಒಳಗಿನ್ ರೆಪ್ಪೆ ಅಜ್ಜಿ, ಹಕ್ಕಿಗೆಲ್ಲ ಇರತ್ತ್" ಎಂದು ನಕ್ಕಳು.

ಇರಬಹುದು. ಆದರೆ ತೆರೆದಿರುವ ಇನ್ನೊಂದು ಕಣ್ಣು ಅನ್ನವನ್ನೂ ನೋಡುತ್ತಿಲ್ಲ, ಕ್ಯಾಮೆರಾವನ್ನೂ ನೋಡುತ್ತಿಲ್ಲ. ಪಕ್ಕದ ಕಂಬಕ್ಕೆ ಒರಗಿ ನಾನು ನಿಂತಿದ್ದೆನಲ್ಲ, ಅಲ್ಲಿಗೆ ನೆಟ್ಟಿದೆ.

ಹ್ವಾಯ್, ಬದುಕಿದ್ದಾಗಲೂ ಬೇಕಾದ್ದನ್ನು ಕೇಳದೆ ದುರುಗುಟ್ಟಿ ನೋಡುವುದೇ ನಿಮ್ಮ ಚಾಳಿ. ನಾವು ನೋಡಿದ್ದಕ್ಕೆ ಸಿಟ್ಟೋ, ಇಲ್ಲ ಕರೆದುಕೊಂಡು ಹೋಗಲು ಬಂದದ್ದೋ? ಅನ್ನ ಬೇಕೋ, ನಾನೇ ಬೇಕೋ? ಬರುವ ತಿಂಗಳ ಮಾಸಿಕದೊಳಗೆ ಬಾಯಿಬಿಟ್ಟು ಹೇಳಿ.