ಯಾವ ಮಠದ ದಾರ

ಮಾಗಳ
೨೨-೬-೧೯೯೯

ಹಂಪಸಾಗರದ ನನ್ನ ಅವ್ವನಿಗೆ ಅಮೃತಾ ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಈ ಸಲ ಇದು ನಿಜ. ಹಿಂದಿನ ಮೂರು ಪತ್ರಗಳಲ್ಲಿ ಹೀಗೇ ಬರೆದದ್ದು ಸುಳ್ಳು. ಅದಕ್ಕೆ ನಿನ್ನ ಬೈಗುಳ ತಿನ್ನಲು ಸಿದ್ಧಳಿದ್ದೇನೆ.

ಐದು ತಿಂಗಳು ತುಂಬಿದ ಮೇಲೆ ಕೂಸನ್ನೂ ನನ್ನನ್ನೂ ನೀನು ಇಲ್ಲಿಗೆ ಬಿಟ್ಟು ಹೋದೆಯಲ್ಲ, ಅವತ್ತಿನಿಂದ ರಾತ್ರಿಯಾದರೆ ನನಗೆ ನಿದ್ದೆಯಿಲ್ಲ. ನಾನು ಕಣ್ಣು ಮುಚ್ಚಿದರೆ ಕೂಸಿನ ಉಸಿರು ನಿಂತುಬಿಡುತ್ತದೆ ಎಂಬ ಭಯ. ಅದರ ಮೂಗಿನ ಹತ್ತಿರ ಬೆರಳು ಹಿಡಿದು ಹಿಡಿದು ಬೆಳಗು ಮಾಡುತ್ತಿದ್ದೆ. ಕೊನೆಗೆ ಹೂ ಕಟ್ಟುವ ಬಾಳೆನಾರಿನ ಒಂದು ತುದಿಯನ್ನು ಅದರ ಕಾಲಿಗೆ, ಇನ್ನೊಂದನ್ನು ನನ್ನ ಬೆರಳಿಗೆ ಕಟ್ಟಿಕೊಂಡೆ. ನಾರು ಜಗ್ಗಿದರೆ ಕೂಸು ಇದೆ. ಜಗ್ಗದಿದ್ದರೆ ಮತ್ತೆ ಏಳುವುದು. ಹಗಲು ಮಲ್ಲಿಗೆ ಕಟ್ಟುತ್ತ ತೂಕಡಿಸಿ ಮೊಗ್ಗಿನ ಬುಟ್ಟಿಯ ಮೇಲೆ ಬಿದ್ದದ್ದೂ ಉಂಟು. ಹುಚ್ಚಿ ಎಂದು ಕೂಸನ್ನು ನನ್ನ ಮಗ್ಗುಲಿನಿಂದ ಎತ್ತಿಕೊಂಡಾರೆಂದು ಹೆದರಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಬೆಳಿಗ್ಗೆ ನಾರು ಕತ್ತರಿಸಿದರೂ ಕೂಸಿನ ಕಾಲಿನ ಗಂಟು ಹಾಗೇ ಇರುತ್ತಿತ್ತು. ಅತ್ತೆಯವರು ಅದನ್ನು ಯಾವುದೋ ಮಠದ ದಾರವೆಂದು ತಿಳಿದು, ಕೂಸಿಗೆ ನೀರೆರೆದ ಮೇಲೆ ದಿನಾ ಅದಕ್ಕೂ ವಿಭೂತಿ ಹಚ್ಚುತ್ತಿದ್ದರು. ಎರಡು ವಾರದ ಹಿಂದೆ, ಯಾವ ಮಠದ್ದವ್ವಾ ಈ ದಾರ, ಭಾಳ ಚಲೋ ಐತಿ, ಕೂಸಿಗೆ ಒಂದು ಕೆಮ್ಮು ಸೈತ ಬಂದಿಲ್ಲ, ನನ್ನ ಮಣಕಾಲಿಗೂ ಒಂದು ತರಿಸಿಕೊಡು ಎಂದರು. ನನಗೆ ನಗು ಬರಬೇಕಿತ್ತು, ಅಳು ಬಂತು. ಎಲ್ಲ ಹೇಳಿಬಿಟ್ಟೆ.

ಅವರು ಬೈಯಲಿಲ್ಲ ಅವ್ವ. ಕೂಸನ್ನು ಸೊಂಟಕ್ಕೇರಿಸಿಕೊಂಡು, ನಡಿ, ದವಾಖಾನಿಗೆ ಹೋಗೂಣು ಎಂದರು. ಹಡಗಲಿಯಲ್ಲಿ ಡಾಕ್ಟರಮ್ಮನ ಮುಂದೆ ನಾನು ತಲೆನೋವು ಎಂದು ಶುರು ಮಾಡಿದರೆ, ತಲಿನೋವಲ್ರಿ, ಕೂಸಿನ ಚಿಂತಿಗೆ ನಮ್ಮ ಹುಡುಗಿ ತಿಂಗಳಾತು ಮಲಗಿಲ್ಲ ಎಂದು ಅತ್ತೆಯೇ ಬಾಯಿ ಹಾಕಿದರು. ನಮ್ಮ ಹುಡುಗಿ ಎಂದರು. ಡಾಕ್ಟರಮ್ಮ ಕೂಸನ್ನೂ ನನ್ನನ್ನೂ ನೋಡಿ, ಕೂಸು ಗಟ್ಟಿಯಾಗಿದೆ, ಹೆರಿಗೆಯ ಮೇಲೆ ಕೆಲವರಿಗೆ ಹೀಗಾಗುತ್ತದೆ, ಇದು ಹುಚ್ಚಲ್ಲ, ವಾಸಿಯಾಗುತ್ತದೆ ಎಂದರು. ಗುಳಿಗೆ ಬರೆದುಕೊಟ್ಟು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಲು ಹೇಳಿದ್ದಾರೆ.

ಕೂಸನ್ನು ಎತ್ತಿಕೊಂಡಾರೆಂದು ಹೆದರಿದ್ದೆನಲ್ಲ, ಈಗ ರಾತ್ರಿ ಅತ್ತೆ ಎತ್ತಿಕೊಂಡೇ ಮಲಗುತ್ತಾರೆ, ನನಗೆ ನಿದ್ದೆ ಬರಲೆಂದು. ಹಾಲಿಗೆ ಮಾತ್ರ ಎಬ್ಬಿಸುತ್ತಾರೆ. ನಿನ್ನ ಅಳಿಯ ಹೂವಿನ ಗಂಟನ್ನು ಮೊದಲ ಬಸ್ಸಿಗೆ ಹಾಕಿ ಬಂದು ನನಗೆ ಚಹಾ ಕಾಸುತ್ತಾರೆ. ಸಕ್ಕರೆ ಮರೆಯುತ್ತಾರೆ, ಆದರೂ ಕುಡಿಯುತ್ತೇನೆ. ಭಯ ಪೂರ್ತಿ ಹೋಗಿಲ್ಲ, ಆದರೆ ನಾನೊಬ್ಬಳೇ ಅಲ್ಲ. ನನ್ನನ್ನು ಇಂಥ ಮನೆಗೆ ಕೊಟ್ಟದ್ದಕ್ಕೆ ನಿನಗೂ ಅಪ್ಪನಿಗೂ ಕೈ ಮುಗಿಯುತ್ತೇನೆ.

ಈಗ ನಿದ್ದೆ ಮಾಡುವ ನಿನ್ನ ಮಗಳು,
ಅಮೃತಾ

ತಾ.ಕ.: ಬಾಳೆನಾರನ್ನು ಒಲೆಗೆ ಹಾಕಿದೆ ಎಂದಿದ್ದರು ಅತ್ತೆ. ಇವತ್ತು ಬೆಳಿಗ್ಗೆ ಎಚ್ಚರವಾದಾಗ ನನ್ನ ಕಾಲಿನ ಹೆಬ್ಬೆರಳಿಗೆ ಅದು ಕಟ್ಟಿತ್ತು. ಇನ್ನೊಂದು ತುದಿ ಪಕ್ಕದಲ್ಲಿ ಮಲಗಿದ್ದ ಅತ್ತೆಯ ಮುಂಗೈಯಲ್ಲಿತ್ತು. ರಾತ್ರಿ ನಾನು ಹೆದರಿ ಎದ್ದರೆ ಅವರಿಗೆ ಗೊತ್ತಾಗಲೆಂದು. ಅವರಿಗಿನ್ನೂ ಗಾಢ ನಿದ್ದೆ. ಅವರು ಏಳುವವರೆಗೆ ನಾನು ಕಾಲು ಅಲ್ಲಾಡಿಸಲಿಲ್ಲ.