ಒಣಗಂಟು

ಮಾರ್ಚ್ 9
ಈ ನೋಟುಬುಕ್ಕು ನಾನು ಕೇಳಿದ್ದಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕೀಟದ ಆಫೀಸಿನ ಓರ್ನೆಲ್ಲಾ ಕೈಗೆ ತುರುಕಿ ಹೋದಳು — "ಅಜ್ಜೀ, ಚೆಸ್ಟ್‌ನಟ್ ತೋಟದಲ್ಲಿ ಕಂಡದ್ದೆಲ್ಲ ಬರೀರಿ."
ಕಂಡದ್ದು: ಹಿಮ ಕರಗಿದೆ. ಚಿಗುರಿಲ್ಲ. ಸಾಕು.

ಮಾರ್ಚ್ 28
ಓರ್ನೆಲ್ಲಾ ಬಂದಿದ್ದಳು. ಕೊಂಬೆಯಲ್ಲಿ ಒಂದು ಒಣಗಂಟು ಸಿಕ್ಕಿತು, ಸೀಳಿ ತೋರಿಸಿದಳು. ಕೇಡಿನ ಕಣಜ ಮೊಗ್ಗಿನೊಳಗೆ ಮೊಟ್ಟೆ ಇಡುತ್ತದೆ; ಮೊಗ್ಗು ಗಂಟಾಗಿ, ಒಳಗೆ ಅದರ ಮರಿ ಬೆಳೆಯುತ್ತದೆ. ಕಾಯಿ ಹೋಯಿತು. ಇವಳು ಎರಡು ವರ್ಷದ ಹಿಂದೆ ಬಿಟ್ಟ ಒಳ್ಳೆಯ ಕಣಜದ ಮರಿ, ಆ ಮರಿಯ ಮೈಗೆ ಹೊರಗಿನಿಂದಲೇ ಬಾಯಿ ಹಚ್ಚಿ ರಸ ಹೀರುತ್ತದೆ. ಉಳಿಯುವುದು ಬರೀ ಸಿಪ್ಪೆ. ಹೊಟ್ಟೆ ತುಂಬಿದ ಒಳ್ಳೆಯ ಮರಿ ಚಳಿಗಾಲವಿಡೀ ಒಣಗಂಟಲ್ಲೇ ಮಲಗಿ, ಏಪ್ರಿಲ್‌ಗೆ ಹೊರಬರುತ್ತದೆ.
"ಹೋದ ವರ್ಷ ಗಂಟಿಗೊಂದು ಒಳ್ಳೆ ಮರಿ ಇತ್ತು. ಈಗ ಇದೊಂದು ಬಿಟ್ರೆ ಗಂಟೇ ಇಲ್ವಲ್ಲ ಅಜ್ಜಿ. ಕೊಂಬೆ ಸುಟ್ರಾ?"
"ತೋಟದಲ್ಲಿ ಕಡ್ಡಿ ಗೀರಿಲ್ಲ."
ಸುಳ್ಳಲ್ಲ ಅದು.

ಏಪ್ರಿಲ್ 2
ಸುಟ್ಟದ್ದು ಚರ್ಚಿನ ಮುಂದೆ. ಜನವರಿ ಹದಿನೇಳು, ಸಂತ ಆಂತೋನಿಯೋ ಹಬ್ಬದ ಬೆಂಕಿಗೆ ಪ್ರತಿ ಮನೆಯೂ ಕಟ್ಟಿಗೆ ಕೊಡಬೇಕು. ಎರಡು ಟ್ರೇಲರ್ ಕೊಟ್ಟೆ. ಒಂದು ನನ್ನದು. ಇನ್ನೊಂದು ಮೈದುನ ಬಾಸ್ತಿಯಾನನದು — ಅವನಿಗೆ ಬೆನ್ನು ನೋವಿತ್ತು, ನಾನೇ ಕೊಂಬೆ ಸವರಿಸಿ ಸಾಗಿಸಿದೆ. ಇಂಥ ಬೆಂಕಿ ಯಾವ ವರ್ಷವೂ ಎದ್ದಿಲ್ಲ ಎಂದರು. ಬೀಗಿದೆ. ಸಾಸೇಜ್ ಸುಟ್ಟು ತಿಂದೆ.
ಆ ಕೊಂಬೆಗಳ ಗಂಟಲ್ಲೇ ರಸ ಕುಡಿದು ಮಲಗಿದ್ದವು ಒಳ್ಳೆಯ ಮರಿ, ಅಷ್ಟೂ...

ಏಪ್ರಿಲ್ 6
ಬಾಸ್ತಿಯಾನ ಬಂದ.
"ಅತ್ತಿಗೇ, ಆ ಹುಡುಗಿ ಬಿಟ್ಟ ಹುಳ ನಂಬಿ ಕೆಟ್ಟೆ. ಒಂದೂ ಉಳಿದಿಲ್ಲವಂತೆ. ಹದಿನೈದಕ್ಕೆ ಮರದ ವ್ಯಾಪಾರಿ ಬರ್ತಾನೆ. ಎಲ್ಲಾ ಕಡಿಸಿಬಿಡ್ತೀನಿ."
"ನಿಮ್ಮಪ್ಪ ನೆಟ್ಟ ಮರ ಕಣೋ."
"ಕಾಯಿಗೆ ನೆಟ್ಟಿದ್ದು, ಪೂಜೆಗಲ್ಲ." ಆಮೇಲೆ ನಕ್ಕ. "ನಿಮ್ಮ ಬಾಯಿಗೆ ಹೆದರಿ ಓಡಿಹೋಗಿರ್ಬೇಕು ಅತ್ತಿಗೆ, ಆ ಕಣಜ."
ನಾನೂ ನಕ್ಕೆ. ವೈನ್ ಸುರಿದುಕೊಟ್ಟೆ. 

ಏಪ್ರಿಲ್ 11
ನಾಲ್ಕು ದಿನ ಬರೆಯಲಿಲ್ಲ. ನೆಟ್ಟಗೆ ಉಣ್ಣಲಿಲ್ಲ. ಇವತ್ತು ಓರ್ನೆಲ್ಲಾಗೆ ಫೋನ್ ಮಾಡಿ ಒಪ್ಪಿಕೊಂಡೆ. ಬೈಯಲಿಲ್ಲ ಅವಳು. ಬೈದಿದ್ದರೆ ವಾಸಿಯಿತ್ತು. ಈ ತಿಂಗಳ ಕೊನೆಗೆ ಮತ್ತೆ ಕಣಜ ಬಿಡುತ್ತಾಳಂತೆ, ಮರ ನಿಂತಿದ್ದರೆ.

ಏಪ್ರಿಲ್ 12
ಅವನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಎದುರು ನಿಂತರೆ ಬಾಯಿ ಏಳುವುದಿಲ್ಲ. ಈ ಹಾಳೆ ಹರಿದು ಬಾಗಿಲ ಕೆಳಗೆ ತೂರಿಸುತ್ತೇನೆ.
ಬಾಸ್ತಿಯಾನ — ಹುಳ ಮೋಸ ಮಾಡಲಿಲ್ಲ. ನಿನ್ನ ಕೊಂಬೆ ಹಬ್ಬದ ಬೆಂಕಿಗೆ ಹಾಕಿದವಳು ನಾನು. ಆ ಹುಡುಗಿ ಕೊಂಬೆ ಸುಡಬೇಡವೆಂದಿದ್ದಳು, ಗೊತ್ತಿತ್ತು. ತೋಟದಲ್ಲಿ ಸುಡದಿದ್ದರಾಯಿತು ಅಂದುಕೊಂಡೆ. ಹೊಸ ಕಣಜ ಬರುತ್ತದೆ, ಮತ್ತೆ ಕಾಯಿ ಬಿಡಲು ಮೂರು ವರ್ಷ ತಡಿ. ಬೈಯುವುದಿದ್ದರೆ ಬಂದು ಬೈ. ಮರ ಕಡಿಸುತ್ತೀಯೋ ಇಲ್ಲವೋ — ಹದಿನಾಲ್ಕರೊಳಗೆ ಉತ್ತರ ಕೊಡು.