ಎಣ್ಣೆ ತಾಗದ ಬೆನ್ನು

ಶನಿವಾರ, ಜೂನ್ ೧೪, ತುಮಕೂರು

ಪ್ರತಿ ಶನಿವಾರ ನನ್ನ ಗಂಡ ವಿಷ್ಣುವಿನ ಬೆನ್ನಿಗೆ ಹರಳೆಣ್ಣೆ ತಿಕ್ಕುವವಳು ನಾನು. ಮದುವೆಯಾದ ಒಂಬತ್ತು ವರ್ಷದಲ್ಲಿ ತಪ್ಪಿದ್ದಿಲ್ಲ. ಇವತ್ತು ಬೆಳಿಗ್ಗೆ ಬಟ್ಟಲು ಹಿಡಿದು ಹೋದರೆ, "ಬೇಡ ಬಿಡು, ನಾನೇ ಹಚ್ಕೋತೀನಿ" ಅಂದ. ನಮಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಗುರುವಾರ.

ಇಂಥ ದಿನವೇ ಕಾಲೇಜಿನಲ್ಲಿ ನಾನು ಆ ಪಾಠ ಮಾಡಬೇಕಾಗಿ ಬರಬೇಕೆ? ಗಿಬ್ಬನ್ ಎಂಬ ವಾನರ ಜೋಡಿಯಾಗಿ ಬಾಳುವುದೇಕೆ, ಮನುಷ್ಯನೂ ಹಾಗೆ ಬಾಳುವುದೇಕೆ? ಮರಿ ಸಾಕಲು ಇಬ್ಬರು ಬೇಕು ಎಂಬುದು ಒಂದು ವಾದ. ಬೇರೆ ಗಂಡು ಬಂದು ಮರಿಯನ್ನು ಕೊಲ್ಲದಂತೆ ಕಾಯಲು ಎಂಬುದು ಇನ್ನೊಂದು. ಬೋರ್ಡಿನ ತುಂಬ ಮರಿಯೇ. ಹೆಬ್ಬೂರಿನಿಂದ ಬರುವ ಮೋನಿಕಾ ಎದ್ದು ಕೇಳಿದಳು: "ಮರಿನೇ ಇಲ್ದಿದ್ರೆ ಬಿಟ್ಟೋಗ್ತವಾ ಮೇಡಂ?"

ಹಾಗೇನಿಲ್ಲಮ್ಮ, ಕೈಗೆಟುಕದ ಕಡೆ ಒಂದರ ಮೈಯ ಹೇನನ್ನು ಇನ್ನೊಂದು ಹೆಕ್ಕುತ್ತಾ ಕೂತಿರುತ್ತವೆ ಅನ್ನಬಹುದಿತ್ತು. "ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದು ಗದರಿದೆ. ಥೂ.

ಬೆಳಿಗ್ಗೆ ಅವನು ಸ್ನಾನಕ್ಕೆ ಹೊರಟಾಗ ನೋಡಿದ್ದೆ. ಹೆಗಲೆರಡೂ ಎಣ್ಣೆಯಿಂದ ಮಿರುಗುತ್ತಿದ್ದವು. ನಡುಬೆನ್ನಲ್ಲಿ, ಅವನ ಕೈ ಎಟುಕದ ಕಡೆ, ನನ್ನ ಅಂಗೈಯಷ್ಟಗಲ ಒಣಗಿಯೇ ಇತ್ತು.

ಈಗ ಮಲಗಿದ್ದಾನೆ, ಅದೇ ಬೆನ್ನು ನನ್ನ ಕಡೆಗೆ. ನಿದ್ದೆ ಬಂದಿಲ್ಲ ಅವನಿಗೆ, ಉಸಿರಿನಲ್ಲೇ ಗೊತ್ತಾಗುತ್ತದೆ. ಬಟ್ಟಲಿನ ತಳದಲ್ಲಿ ಇನ್ನೂ ಎಣ್ಣೆ ಇದೆ. ಎದ್ದು ಹಚ್ಚಲೇ?